ತಾಯಿ ಕೈ ಊಟದ ಬೆಲೆ

“ಅವ್ವಾ, ಇವತ್ತು ನಿನಗ ಮನೀ ಊಟ ಮಾಡಸ್ತೀನಿ” ಎಂದು ಮಗಳು ಹೇಳಿದಾಗ ನಾನು ಖುಷಿಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯ ಕಡೆ ಹೊರಟಿದ್ದೆ. ಅವಳು ನಕ್ಕು ಚಪ್ಪಲಿ ಮೆಟ್ಟಿದಳು. ಬೆಂಗಳೂರಿನಲ್ಲಿ ಮನೆ ಊಟ ಮಾಡಬೇಕೆಂದರೆ ಮೊದಲು ಮನೆಗೆ ಬೀಗ ಹಾಕಬೇಕು ಎಂಬುದು ನನಗೆ ಆ ದಿನ ಗೊತ್ತಾಯಿತು.

ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ತಾಂಬಾದಿಂದ ವಿಜಯಪುರಕ್ಕೆ ಬಸ್ಸು, ಅಲ್ಲಿಂದ ಗೋಲಗುಂಬಜ್ ರೈಲು. ಕೈಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಪಾವಲಿ ನಮ್ಮ ಇಂಡಿ ಕಡೆಯ ನಿಂಬೆಹಣ್ಣು. ಮಗಳ ಅಡುಗೆಮನೆಯಲ್ಲಿ ಗ್ಯಾಸಿನ ಒಲೆ ಅಂಗಡಿಯಿಂದ ತಂದ ದಿನ ಇದ್ದಂತೆಯೇ ಹೊಳೆಯುತ್ತಿತ್ತು. ನೋಡಿ ಸಂಕಟವಾಯಿತೋ ಸಮಾಧಾನವಾಯಿತೋ ನಿಜವಾಗಿ ಹೇಳಲಾರೆ. ಅವಳು ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತಾಳೆ. ಆ ವಯಸ್ಸಿನಲ್ಲಿ ನಾನು ಅಷ್ಟೇ ಹೊತ್ತು ದುಡಿದು, ಮೇಲೆ ಮೂವತ್ತು ರೊಟ್ಟಿಯನ್ನೂ ಬಡಿಯುತ್ತಿದ್ದೆ. ಅದನ್ನು ಅವಳೂ ಮಾಡಲಿ ಎಂದು ಹರಸಲು ನನಗೆ ಮನಸ್ಸಿಲ್ಲ.

ಅವಳು ಕರೆದುಕೊಂಡು ಹೋದದ್ದು ಪಂಜಾಬಿ ಊಟದ ಹೊಟೇಲಿಗೆ. ‘ಪಂಜಾಬಿ’ ಎಂದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ವಿಜಯಪುರ–ಸೊಲ್ಲಾಪುರ ರಸ್ತೆಯ ಧಾಬಾಗಳು. ನೀವೂ ನೋಡಿರಬಹುದು. ಬೋರ್ಡಿನ ಮೇಲೆ ಪಂಜಾಬಿ ಧಾಬಾ, ಒಳಗೆ ಗಲ್ಲೆಯ ಮೇಲೆ ನಮ್ಮ ಪಕ್ಕದ ಊರಿನವನೇ. ಮೇಲೆ ಎಣ್ಣೆ ತೇಲುವ ಕೆಂಪು ಗ್ರೇವಿಯಲ್ಲಿ ನಾಲ್ಕು ಪನೀರಿನ ತುಂಡು, ಪಕ್ಕದ ಟೇಬಲ್ಲಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ. ಹಾಗೇ ಇದ್ದೀತು ಎಂದುಕೊಂಡು ಹೊಟ್ಟೆಗೆ ಧೈರ್ಯ ಹೇಳಿಕೊಂಡೇ ಹೋದೆ.

ಬಂದ ತಟ್ಟೆ ಬೇರೆಯೇ ಆಗಿತ್ತು. ಸ್ಟೀಲಿನ ತಟ್ಟೆಯಲ್ಲಿ ಉಬ್ಬಿ ಇಳಿದ ತೆಳ್ಳನೆಯ ಫುಲ್ಕಾ, ಒಂದು ಬಟ್ಟಲು ರಾಜ್ಮಾ, ಒಂದು ಬಟ್ಟಲು ಕಡಿ, ಕೆಂಡದ ಮೇಲೆ ಸುಟ್ಟು ಹಿಸುಕಿದ ಬದನೆಕಾಯಿ ಭರ್ತಾ, ಹಸಿಮೆಣಸಿನಕಾಯಿ, ಮೂಲಂಗಿ, ಕೊನೆಗೊಂದು ಚೂರು ಬೆಲ್ಲ. ಕಡಲೆ ಹಿಟ್ಟು ಹಚ್ಚಿ ಮಜ್ಜಿಗೆಯನ್ನು ಕುದಿಸಿದ ಆ ಕಡಿ ನಮ್ಮ ಮಜ್ಜಿಗೆ ಸಾರಿನ ದೊಡ್ಡಕ್ಕನಂತಿತ್ತು. ಉಳ್ಳಾಗಡ್ಡಿಯನ್ನು ಕೊಯ್ದಿರಲಿಲ್ಲ, ಗುದ್ದಿ ಒಡೆದಿದ್ದರು. ನಮ್ಮ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದವರು ಮುಷ್ಟಿಯಿಂದ ಗುದ್ದುವಂತೆಯೇ. ಕೊಯ್ದ ಉಳ್ಳಾಗಡ್ಡಿಗೆ ಆ ರುಚಿ ಬರುವುದಿಲ್ಲ ಎಂದು ಐದು ನದಿಗಳ ನಾಡಿನವರಿಗೂ ಭೀಮಾತೀರದವರಿಗೂ ಯಾರು ಬಂದು ಹೇಳಿಕೊಟ್ಟರೋ!

ಚಳಿಗಾಲವಾದ್ದರಿಂದ ಸಾಸಿವೆ ಸೊಪ್ಪಿನ ಸಾಗ್, ಮೆಕ್ಕೆಜೋಳದ ರೊಟ್ಟಿಯೂ ಇತ್ತು. ಆ ರೊಟ್ಟಿಯನ್ನು ಬೆರಳಲ್ಲಿ ಮುರಿದಾಗ ನಾನು ಒಂದು ಕ್ಷಣ ಸುಮ್ಮನಾದೆ. ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು, ನಡುವೆ ಬೆರಳ ಗುರುತು. ಗೋಧಿಗೆ ಜಿಗುಟು ಇರುತ್ತದೆ, ಲಟ್ಟಿಸಿದರೆ ಹಿಗ್ಗುತ್ತದೆ. ಜೋಳಕ್ಕೂ ಮೆಕ್ಕೆಜೋಳಕ್ಕೂ ಆ ಜಿಗುಟು ಇಲ್ಲ. ಬಿಸಿನೀರು ಹಾಕಿ ನಾದಬೇಕು, ಒಂದೊಂದೇ ಉಂಡೆಯನ್ನು ಅಂಗೈಯಿಂದ ತಟ್ಟಿ ತಟ್ಟಿ ಅಗಲ ಮಾಡಬೇಕು, ಒಡೆಯದಂತೆ ಎತ್ತಿ ಹಂಚಿಗೆ ಹಾಕಬೇಕು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಯಾರೋ ಹೆಂಗಸು ಮತ್ತು ನನ್ನ ಅವ್ವ ಒಬ್ಬರನ್ನೊಬ್ಬರು ಕಾಣದೆ ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಮಾಡಿದ್ದರು. ಸಾಗ್ ಅಂತೂ ತಾಸುಗಟ್ಟಲೆ ಕುದಿಸಿ, ಕಡಗೋಲಿನಂಥ ಕೋಲಿನಿಂದ ಮಥಿಸಿ, ಮೆಕ್ಕೆಜೋಳದ ಹಿಟ್ಟು ಬೆರೆಸಿ ಮಾಡುವ ಪದಾರ್ಥ. ಅವಸರದವರ ಅಡುಗೆಯಲ್ಲ ಅದು. ಯಾರೋ ಒಬ್ಬರ ಮಧ್ಯಾಹ್ನ ಪೂರ್ತಿ ಅದರಲ್ಲಿ ಕರಗಿರುತ್ತದೆ.

ಊಟ ಚೆನ್ನಾಗಿತ್ತು. ಮುಂದೆ ನಾನು ಹೇಳುವುದನ್ನು ಓದಿ ಹೊಟೇಲನ್ನು ಹಳಿಯಲು ಕುಳಿತಿದ್ದೇನೆ ಎಂದು ತಿಳಿಯಬೇಡಿ. ಎರಡು ಸಲ ಕಡಿ ಹಾಕಿಸಿಕೊಂಡೆ.

ಕೈ ತೊಳೆಯಲು ಹೋಗುವ ದಾರಿಯಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಹಿಂದಿಯಲ್ಲಿ ಬರೆದಿತ್ತು: ಮಾ ಕೇ ಹಾಥ್ ಕಾ ಖಾನಾ. ತಾಯಿ ಕೈಯ ಊಟ. ಅದರ ಪಕ್ಕದಲ್ಲೇ ಗಾಜಿನ ಕಿಟಕಿ, ಒಳಗಿನ ಅಡುಗೆ ಎಲ್ಲರಿಗೂ ಕಾಣಲಿ ಎಂದು. ಅಲ್ಲಿ ಇಪ್ಪತ್ತು ಇಪ್ಪತ್ತೆರಡರ ಒಬ್ಬ ಹುಡುಗ ಫುಲ್ಕಾ ಲಟ್ಟಿಸುತ್ತಿದ್ದ. ಮೇಷ್ಟರಿಕೆಯ ಚಟ, ಯಾರನ್ನು ಕಂಡರೂ ಊರು, ಶಾಲೆ ಕೇಳದೆ ಬಿಡುವವಳಲ್ಲ. ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಒಡಿಶಾದವನಂತೆ. ಮನೆಯಲ್ಲಿ ಮೂರು ಹೊತ್ತೂ ಅನ್ನ. ಫುಲ್ಕಾ ಲಟ್ಟಿಸಲು ಕಲಿತದ್ದು ಇಲ್ಲಿಗೆ ಬಂದ ಮೇಲೆ. “ನಿನ್ನ ತಾಯಿ ನಿನ್ನ ಕೈ ಫುಲ್ಕಾ ತಿಂದಾರೇನು?” ಎಂದೆ. ಇಲ್ಲ ಎಂದು ತಲೆಯಾಡಿಸಿ ನಕ್ಕ. ಗೋಡೆಯ ಮೇಲಿನ ತಾಯಿಯ ಕೈ ಎಂದರೆ ಈ ಹುಡುಗನ ಕೈ.

ಇದನ್ನು ಮೋಸ ಎನ್ನೋಣವೇ? ನನಗೆ ಹಾಗೆನಿಸಲಿಲ್ಲ. ಅಡುಗೆಯ ಕೈ ಹುಟ್ಟುತ್ತ ಬರುವುದಿಲ್ಲ. ನನ್ನ ಅವ್ವ ಮದುವೆಯಾಗಿ ಬಂದಾಗ ಅವಳಿಗೂ ರೊಟ್ಟಿ ಬರುತ್ತಿರಲಿಲ್ಲವಂತೆ, ಅತ್ತೆಯ ಬೈಗುಳ ತಿಂದು, ಬೆರಳು ಸುಟ್ಟುಕೊಂಡು ಕಲಿತಳು. ಈ ಹುಡುಗ ಮಾಲೀಕನ ಬೈಗುಳ ತಿಂದು ಕಲಿತಿರಬೇಕು. ಇವನಿಗೆ ತಿಂಗಳಾದರೆ ಸಂಬಳವಾದರೂ ಇದೆ.

ಬಿಲ್ಲು ಬಂತು. ಎರಡು ತಟ್ಟೆಗೆ 720 ರೂಪಾಯಿ, ಮೇಲೆ ಶೇಕಡಾ 5ರ ತೆರಿಗೆ 36, ಒಟ್ಟು 756. ನಾನು ನಿಟ್ಟುಸಿರು ಬಿಟ್ಟೆ. ಮಗಳು ಹೇಳಿದಳು: “ಅವ್ವಾ, ಮನ್ಯಾಗ ಮಾಡಿದ್ರ ನೀ ಮಾಡಬೇಕಿತ್ತು, ಇಲ್ಲಾ ನಾ ಮಾಡಬೇಕಿತ್ತು. ಒಬ್ಬರು ಬಿಸೀದು ಉಂಡು ಇನ್ನೊಬ್ಬರು ಆರಿದ್ದು ಉಣ್ಣಬೇಕಿತ್ತು. ಇಲ್ಲೆ ಇಬ್ಬರೂ ಕೂಡಿ ಉಂಡಿವಿ. ಮಾಡಿದವರಿಗೆ ರೊಕ್ಕಾ ಕೊಟ್ಟಿವಿ. ಯಾರ ಹಂಗೂ ಇಲ್ಲ. ಇದ್ರಾಗ ತಪ್ಪೇನೈತಿ?”

ತಪ್ಪೇನೂ ಇಲ್ಲ. ಅವಳ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಆ ಗೋಡೆಯ ಬರಹ ನನ್ನ ಬೆನ್ನು ಬಿಡಲಿಲ್ಲ. ಬರಿಯ ‘ಊಟ’ ಎಂದು ಬರೆದಿದ್ದರೆ ಅಷ್ಟು ರೊಕ್ಕ ಬರುತ್ತಿತ್ತೇ? ‘ತಾಯಿ’ ಎಂಬ ಮಾತು ಸೇರಿದ್ದರಿಂದ ತಟ್ಟೆಯ ಬೆಲೆ ಏರಿತ್ತು. ನಮ್ಮ ಮನೆಯಲ್ಲಿ ಅದೇ ಮಾತಿನಿಂದ ಬೆಲೆ ಇಳಿದದ್ದನ್ನು ನಾನು ಕಣ್ಣಾರೆ ಕಂಡವಳು. ಆ ಕಥೆಗೆ ಬರುವ ಮುಂಚೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ.

ಹೊಟೇಲುಗಳಲ್ಲಿ ನಾವು ಪಂಜಾಬಿ ಎಂದು ಉಣ್ಣುವುದರಲ್ಲಿ ಬಹಳಷ್ಟು ಮನೆಯ ಅಡುಗೆಯಲ್ಲ. 1947ರಲ್ಲಿ ದೇಶ ಒಡೆದಾಗ ಪೇಶಾವರ ಬಿಟ್ಟು ಬಂದ ಕುಂದನ್ ಲಾಲ್ ಗುಜ್ರಾಲ್ ಮತ್ತು ಅವರ ಸಂಗಡಿಗರು ದೆಹಲಿಯ ದರಿಯಾಗಂಜದಲ್ಲಿ ಮೋತಿ ಮಹಲ್ ಎಂಬ ಹೊಟೇಲು ತೆರೆದರು. ತಂದೂರಿ ಕೋಳಿ, ಬಟರ್ ಚಿಕನ್ ಎಂದು ಊರೂರಿಗೆ ಹಬ್ಬಿದ್ದು ಆ ಜಾಡಿನ ಅಡುಗೆ. ಮನೆಮಠ ಕಳೆದುಕೊಂಡ ಗಂಡಸರು ಹೊಟ್ಟೆಪಾಡಿಗಾಗಿ ಕಟ್ಟಿದ ಹೊಟೇಲಿನ ಅಡುಗೆ ಅದು. ಅದೇ ತಂದೂರು ಒಲೆ ಪಂಜಾಬಿನ ಹಳ್ಳಿಗಳಲ್ಲಿ ಹೆಂಗಸರದಾಗಿತ್ತು. ಸಾಂಝಾ ಚೂಲ್ಹಾ, ಎಂದರೆ ಎಲ್ಲರಿಗೂ ಸೇರಿದ ಒಲೆ. ಸಂಜೆಯಾದರೆ ಓಣಿಯ ಹೆಂಗಸರು ನಾದಿದ ಹಿಟ್ಟು ತಂದು ಅಲ್ಲಿ ರೊಟ್ಟಿ ಬೇಯಿಸಿಕೊಂಡು, ಸುಖದುಃಖ ಮಾತಾಡಿಕೊಂಡು ಹೋಗುತ್ತಿದ್ದರು. ಹೊಟೇಲಿಗೆ ಒಲೆ ಹೋಯಿತು. ಕಡಿ, ಸಾಗ್, ರಾಜ್ಮಾ ಹೆಚ್ಚಾಗಿ ಮನೆಯಲ್ಲೇ ಉಳಿದವು. ಮನೆಯಲ್ಲಿ ಪುಕ್ಕಟೆ ಸಿಗುವುದಕ್ಕೆ ಯಾರು ರೊಕ್ಕ ಕೊಟ್ಟಾರು? ಈಗ ಮಕ್ಕಳು ಊರು ಬಿಟ್ಟು ಊರು ಸೇರಿದ್ದಾರೆ, ನನ್ನ ಮಗಳ ಒಲೆಯಂಥ ಹೊಳೆಯುವ ಒಲೆಗಳು ಸಾವಿರಾರು ಇವೆ. ಪುಕ್ಕಟೆ ಸಿಗುವುದು ನಿಂತ ಕೂಡಲೇ ಅದಕ್ಕೂ ಬೆಲೆಯ ಚೀಟಿ ಅಂಟಿತು.

ಇನ್ನು ನಮ್ಮ ಮನೆಯ ಕಥೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಎರಡೆಕರೆ ಒಣಭೂಮಿ, ನಾವು ಮೂರು ಮಕ್ಕಳು. ಇಂಡಿಗೂ ಸಿಂದಗಿಗೂ ನಡುವೆ ಇರುವ ನಮ್ಮ ತಾಂಬಾಕ್ಕೆ ಆ ಕಾಲದಲ್ಲಿ ವರ್ಗವಾಗಿ ಬಂದ ಮಾಸ್ತರರು, ಕಂಪೌಂಡರರು, ಬ್ಯಾಂಕಿನವರು ಸಂಸಾರ ತರುತ್ತಿರಲಿಲ್ಲ. ಅವರಲ್ಲೊಬ್ಬರು ಬಂದು, “ಅವ್ವಾರ, ಎರಡು ಹೊತ್ತು ರೊಟ್ಟಿ ಹಾಕ್ರಿ, ತಿಂಗಳಾ ಏನರ ಕೊಡ್ತೀನಿ” ಎಂದರು. ಆ ‘ಏನರ’ದಿಂದ ನಮ್ಮ ಮನೆಯ ಖಾನಾವಳಿ ಶುರುವಾಯಿತು. ಬೋರ್ಡು ಇರಲಿಲ್ಲ. ಪಡಸಾಲೆಯಲ್ಲಿ ಉದ್ದಕ್ಕೆ ಹಾಸಿದ ಎರಡು ಮಣೆ, ಅಷ್ಟೇ. ಒಂದರಿಂದ ಐದಾದರು, ಎಂಟಾದರು. ತಲೆಗೆ ತಿಂಗಳಿಗೆ 90 ರೂಪಾಯಿ.

ಅವ್ವ ನಸುಕಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುತ್ತಿದ್ದಳು. ಮಾಲದಂಡಿ ಜೋಳದ ಹಿಟ್ಟು, ಕುದಿಯುವ ಎಸರು, ಕೊಣಮಗಿಯಲ್ಲಿ ಪಟಪಟ ಎಂದು ಬಡಿಯುವ ಸದ್ದು. ನನಗೆ ಎಚ್ಚರವಾಗುತ್ತಿದ್ದದ್ದೇ ಆ ಸದ್ದಿಗೆ. ಮಣೆಯ ಮೇಲೆ ಕುಳಿತವರ ತಟ್ಟೆಗೆ ಹಂಚಿನಿಂದ ಇಳಿದ ರೊಟ್ಟಿ ನೇರವಾಗಿ ಹೋಗಬೇಕು. ಪಾಪಡಿ ಎದ್ದು ಉಗಿ ಆಡುತ್ತಿರಬೇಕು. ಅವರು ಉಂಡು, “ಭಾಳ ಛಲೋ ಆಗೇತ್ರಿ, ಮನ್ಯಾಗ ಉಂಡಂಗಾತು” ಎಂದರೆ ಅವ್ವನ ಮುಖ ಅರಳುತ್ತಿತ್ತು. ಆಮೇಲೆ ನಮ್ಮ ಸರದಿ. ಮೊನ್ನೆಯ ಕಟಕ ರೊಟ್ಟಿ, ಪಲ್ಯೆಯ ತಳ. ಅವ್ವನ ಸರದಿ ಅದಕ್ಕೂ ಆಮೇಲೆ. ಮನೆ ಊಟ ನಮ್ಮ ಮನೆಯಲ್ಲೇ ಆಗುತ್ತಿತ್ತು, ಮನೆಯವರಿಗೆ ಅದು ಸಿಗುತ್ತಿರಲಿಲ್ಲ. ಬಿಸಿ ರೊಟ್ಟಿ ಉಬ್ಬುವುದನ್ನು ನಾನು ನೋಡಿದಷ್ಟು ತಿಂದಿಲ್ಲ.

ಅವ್ವನಿಗೆ ಓದು ಬರಹ ಬಾರದು. ಲೆಕ್ಕದ ವಹಿ ನನ್ನದು. ಯಾರು ಎಷ್ಟು ದಿನ ಉಂಡರು, ಯಾರು ಊರಿಗೆ ಹೋಗಿದ್ದರು, ಯಾರದು ಬಾಕಿ ಎಂದು ಆರನೆಯ ಇಯತ್ತೆಯಿಂದ ನಾನೇ ಬರೆಯುತ್ತಿದ್ದೆ. ಒಮ್ಮೆ ಕೂಡಿ ಕಳೆದು ನೋಡಿದರೆ ಹಿಟ್ಟು, ಬೇಳೆ, ಎಣ್ಣೆ, ಕಟ್ಟಿಗೆಯ ಖರ್ಚಿಗೂ ಬಂದ ರೊಕ್ಕಕ್ಕೂ ಬಹಳ ಅಂತರ ಇರಲಿಲ್ಲ. “ಅವ್ವಾ, ನಿನ್ನ ದುಡಿತದ್ದು ಇದ್ರಾಗ ಬಂದೇ ಇಲ್ಲ” ಎಂದೆ. ಅವಳು ಹೇಳಿದ್ದು ನನಗೆ ಇಂದಿಗೂ ನೆನಪಿದೆ: “ರೊಕ್ಕ ಹಿಟ್ಟಿಂದು, ಬ್ಯಾಳಿದು, ಕಟಿಗಿದು. ಕೈದಕ್ಕ ಯಾರರ ರೊಕ್ಕ ತೊಗೋತಾರೇನ ಹುಚ್ಚಿ?”

ಎಷ್ಟೋ ವರ್ಷ ಈ ಮಾತನ್ನು ನಾನು ಅವ್ವನ ದೊಡ್ಡತನ ಎಂದೇ ಹೇಳಿಕೊಂಡು ತಿರುಗಿದ್ದೇನೆ. ಶಾಲೆಯಲ್ಲಿ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೂ ಇದೆ. ಆದರೆ ಆ ಮಾತಿನ ಇನ್ನೊಂದು ಮಗ್ಗಲು ನೋಡಬೇಕಾದರೆ ಆ ಸಾಹೇಬರ ಕಥೆ ಹೇಳಬೇಕು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಒಂದೂವರೆ ವರ್ಷ ನಮ್ಮಲ್ಲಿ ಉಂಡವರು. ವರ್ಗವಾದಾಗ ಎರಡು ತಿಂಗಳ ಬಾಕಿ ಇತ್ತು, 180 ರೂಪಾಯಿ. ಹೋಗುವ ದಿನ ಬಂದು ಅವ್ವನ ಕಾಲು ಮುಟ್ಟಿ, “ಅವ್ವಾರ, ನಿಮ್ಮ ಕೈ ಊಟ ನನಗ ತಾಯಿ ಕೈ ಊಟ ಆತು. ಈ ಋಣಾ ತೀರಸಾಕ ಆಗೂದಿಲ್ಲ” ಎಂದು ಕಣ್ಣು ಒರೆಸಿಕೊಂಡರು. ಹೇಳಿದಂತೆಯೇ ನಡೆದುಕೊಂಡರು, ತೀರಿಸಲಿಲ್ಲ. ತಾಯಿಗೆ ಯಾರು ಬಾಕಿ ಕೊಡುತ್ತಾರೆ? ಅವ್ವನೂ ಕಣ್ಣೀರು ಹಾಕಿದಳು, ಸಂತೋಷಕ್ಕೆ. ಮರು ವಾರ ಕಿರಾಣಿ ಅಂಗಡಿಯವನ ಉದರಿ ತೀರಿಸಲು ನನ್ನ ತಮ್ಮನ ಬೆಳ್ಳಿ ಉಡದಾರ ಹೋಯಿತು. ಆ ಸಾಹೇಬರು ಕಳ್ಳರೇನಲ್ಲ. ಅಂಗಡಿಯ ಬಾಕಿ ಇಟ್ಟು ಹೋದವರಲ್ಲ. ಅಂಗಡಿಯವನು ತಾಯಿಯಾಗಿರಲಿಲ್ಲ.

ಸಾಹೇಬರನ್ನು ಎಷ್ಟು ಅಂದರೂ ನನ್ನ ತಪ್ಪು ಮುಚ್ಚುವುದಿಲ್ಲ. ಅದನ್ನೂ ಬರೆದುಬಿಡುತ್ತೇನೆ. ‘ಖಾನಾವಳಿಯಾಕಿ ಮಗಳು’ ಎಂದು ಹುಡುಗಿಯರು ಅಂದಾಗ ನನಗೆ ಮೈ ಉರಿಯುತ್ತಿತ್ತು. 1991ರಲ್ಲಿ ಬಿ.ಎಡ್.ಗೆ ಅರ್ಜಿ ತುಂಬುವಾಗ ತಾಯಿಯ ಉದ್ಯೋಗ ಎಂಬ ಖಾನೆಯಲ್ಲಿ ದುಂಡಗೆ ‘ಮನೆಗೆಲಸ’ ಎಂದು ಬರೆದೆ. ಹತ್ತು ವರ್ಷ ಅವಳ ಉದ್ಯೋಗದ ಲೆಕ್ಕ ಬರೆದ ಅದೇ ಕೈ, ಅದೇ ಅಕ್ಷರ. ಆ ಅರ್ಜಿಗೆ ಕಟ್ಟಿದ ಶುಲ್ಕವೂ ಎಂಟು ಜನರ ರೊಟ್ಟಿಯದೇ.

ಮುಂದೆ ನೌಕರಿ ಸಿಕ್ಕ ಮೇಲೆ ಮುಂಬಯಿಯ ಖಾನಾವಳಿ ಹೆಂಗಸರ ವಿಷಯ ಓದಿದೆ. ಬಟ್ಟೆ ಗಿರಣಿಯ ಕೆಲಸಗಾರರಿಗೆ ತಮ್ಮ ಒಂದು ಕೋಣೆಯ ಮನೆಯಲ್ಲೇ ಬೇಯಿಸಿ ಹಾಕುತ್ತಿದ್ದ ಆ ಹೆಂಗಸರನ್ನು ಪ್ರೇಮಾ ಪುರವ ಅವರು ಒಂದುಗೂಡಿಸಿ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಅದುವರೆಗೆ ಕಾಳುಕಡಿಗಾಗಿ ಅಂಗಡಿಯವನ ದುಬಾರಿ ಬಡ್ಡಿಯಲ್ಲಿ ಸಿಕ್ಕಿದ್ದವರಿಗೆ ಬ್ಯಾಂಕಿನಿಂದ ಸಾಲ ಸಿಗುವಂತಾಯಿತು. ಇದನ್ನು ಅವ್ವನಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಬ್ಯಾಂಕಿನ್ಯಾವ ಚೀಟ್ಯಾಗ ಅವ್ರನ್ನ ಏನಂತ ಬರದಾ?” ನನ್ನ ಅರ್ಜಿಯ ವಿಷಯ ಅವಳಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿತ್ತೋ ಏನೋ. “ಉದ್ಯೋಗದವರು ಅಂತ ಬರದಿರಬೇಕವಾ” ಎಂದೆ. ಅವಳು ಹೂಂ ಎಂದು ಬತ್ತಿ ಹೊಸೆಯತೊಡಗಿದಳು.

2011ರ ಜನಗಣತಿಯಲ್ಲಿ ನಮ್ಮನ್ನೆಲ್ಲ ಮನೆ ಮನೆಗೆ ಅಟ್ಟಿದ್ದರು. ಒಂದು ಮನೆಯಲ್ಲಿ ಹಂಚು ಕಾದಿತ್ತು, ಮಾರುವುದಕ್ಕಾಗಿ ಬಡಿದ ನೂರಾರು ರೊಟ್ಟಿಗಳ ಗೋಪುರ ನನ್ನ ಕಣ್ಣೆದುರಿಗೇ ಇತ್ತು. “ನೀವು ಏನ್ ಕೆಲಸಾ ಮಾಡ್ತೀರಿ?” ಎಂದರೆ ಆ ತಾಯಿ, “ಏನೂ ಇಲ್ರಿ ಅಕ್ಕೋರ, ಮನ್ಯಾಗ ಇರ್ತೀನಿ” ಎಂದಳು. ಮತ್ತೆ ಮತ್ತೆ ಕೇಳಿ, ಒತ್ತಾಯ ಮಾಡಿ ಅವಳನ್ನು ಕೆಲಸದವಳೆಂದು ಬರೆದುಕೊಂಡೆ. 1991ರದಕ್ಕೆ ಪ್ರಾಯಶ್ಚಿತ್ತ ಅಂತಲೇ ತಿಳಿಯಿರಿ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಾರೆಂದು ಬಂದಿದೆ. ಐದು ತಾಸು ದುಡಿದು ‘ಏನೂ ಇಲ್ರಿ’ ಎನ್ನುವುದನ್ನು ನಮಗೆ ಯಾರು ಕಲಿಸಿದರು? ನಮ್ಮ ಶಾಲೆಗಳಲ್ಲೇ ನೋಡಿ. 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಶುರುವಾದ ಅಕ್ಷರ ದಾಸೋಹದಲ್ಲಿ ಬಿಸಿಯೂಟ ಬೇಯಿಸುವ ಹೆಂಗಸರಿಗೆ ಕೊಡುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಗೌರವ ದೊಡ್ಡದು, ಧನ ಚಿಕ್ಕದು.

ಹಾಗಾದರೆ ಎಲ್ಲಕ್ಕೂ ಬೆಲೆ ಕಟ್ಟಿಬಿಡೋಣವೇ? ಮಗಳ ಹಾಗೆ ರೊಕ್ಕ ಚೆಲ್ಲಿ ಹಂಗು ಹರಿದುಕೊಳ್ಳೋಣವೇ? ಅಲ್ಲಿಯೂ ನನಗೆ ಪೂರ್ತಿ ಮನಸ್ಸು ಒಗ್ಗದು. ಅದಕ್ಕೆ ಕಾರಣ ಬೀದರದಲ್ಲಿ ಉಂಡ ಇನ್ನೊಂದು ಪಂಜಾಬಿ ಊಟ.

2018ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಬೀದರಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಕೋಟೆ, ಮದರಸಾ ನೋಡಿ ಮಧ್ಯಾಹ್ನ ನಾನಕ್ ಝೀರಾ ಗುರುದ್ವಾರಕ್ಕೆ ಬಂದೆವು. ಗುರು ನಾನಕರು ಇಲ್ಲಿಗೆ ಬಂದಾಗ ಸಿಹಿನೀರಿನ ಒರತೆ ಹುಟ್ಟಿತೆಂಬ ನಂಬಿಕೆ. 1699ರಲ್ಲಿ ಖಾಲ್ಸಾ ಕಟ್ಟುವಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರದವರು. ಹುಡುಗಿಯರು ಓಢಣಿಯಿಂದ ತಲೆ ಮುಚ್ಚಿಕೊಂಡು ಲಂಗರಿನ ಸಾಲಿನಲ್ಲಿ ನೆಲದ ಮೇಲೆ ಕುಳಿತರು. ರೊಟ್ಟಿ, ದಾಲ್, ಪಲ್ಯೆ, ಒಂದಿಷ್ಟು ಖೀರು. ರೊಟ್ಟಿ ಬಡಿಸುವವರ ಕಡೆಗೆ ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಯಾರು, ಎಲ್ಲಿಯವರು, ಯಾವ ಜಾತಿ ಎಂದು ಕೇಳುವವರಿಲ್ಲ, ರೊಕ್ಕದ ಮಾತಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಾದ ನಮಗೆ ದಾಸೋಹ ಹೊಸದಲ್ಲ. ಆದರೂ ಹುಡುಗಿಯರು ಬಾಯಿ ತೆರೆದು ನೋಡಿದ್ದು ಬೇರೆಯದನ್ನು. ಅಡುಗೆಯ ಕಟ್ಟೆಯಲ್ಲಿ ಬಿಳಿ ಗಡ್ಡದ ನಾಲ್ಕಾರು ಗಂಡಸರು ಹೆಂಗಸರ ಜತೆ ಸಾಲಾಗಿ ಕುಳಿತು ರೊಟ್ಟಿ ಲಟ್ಟಿಸುತ್ತಿದ್ದರು. ಒಬ್ಬಳು ನನ್ನ ಸೆರಗು ಜಗ್ಗಿ ಕೇಳಿದಳು: “ಅಕ್ಕೋರ, ಇವ್ರು ಮನ್ಯಾಗೂ ಹಿಂಗ ಮಾಡ್ತಾರೇನ್ರಿ?”

ನಾನು ಅದನ್ನು ಒಬ್ಬ ಅಜ್ಜನಿಗೆ ಹಿಂದಿಯಲ್ಲಿ ಕೇಳಿಯೇಬಿಟ್ಟೆ. ಅವರು ಗಹಗಹಿಸಿ ನಕ್ಕು, “ಮನೆಯಲ್ಲಿ ಆಕೆ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ ಬೆಹನ್‌ಜೀ” ಎಂದರು. ಪಕ್ಕದಲ್ಲಿ ಲಟ್ಟಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ, ಲಟ್ಟಣಿಗೆಯ ಸದ್ದು ಮಾತ್ರ ಸ್ವಲ್ಪ ಜೋರಾಯಿತು. ನಮ್ಮ ಹುಡುಗಿಯರು ಬಸ್ಸಿನಲ್ಲಿ ಬರುವಾಗ ಅದನ್ನೇ ನೆನೆದು ನಕ್ಕರು.

ಲಂಗರಿನ ಇತಿಹಾಸದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಒಂದು ಸಂಗತಿ ಇದೆ. ಎರಡನೆಯ ಗುರು ಅಂಗದರ ಹೆಂಡತಿ ಮಾತಾ ಖೀವಿ ಲಂಗರನ್ನು ನೋಡಿಕೊಳ್ಳುತ್ತಿದ್ದರು. ಆಕೆಯ ಹೆಸರು ಗುರು ಗ್ರಂಥ ಸಾಹಿಬದೊಳಗೇ ಇದೆ, ಆಕೆ ಹಂಚುತ್ತಿದ್ದ ತುಪ್ಪ ಹಾಕಿದ ಖೀರಿನ ಸಮೇತ. ಒಂದು ಧರ್ಮಗ್ರಂಥದಲ್ಲಿ ಅಡುಗೆಯವಳ ಹೆಸರು, ಅಡುಗೆಯ ಹೆಸರು! ನಮ್ಮ ಕಡೆಯ ಜಾತ್ರೆಗಳನ್ನು ನೆನಪಿಸಿಕೊಳ್ಳಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಗಳು ಬರುತ್ತವೆ, ಗುಡ್ಡದಂತೆ ಒಟ್ಟುತ್ತಾರೆ. ಇಂಥ ಊರಿನಿಂದ ಇಷ್ಟು ಸಾವಿರ ರೊಟ್ಟಿ ಎಂದು ಹೇಳುತ್ತಾರೆ. ಊರು ರೊಟ್ಟಿ ಬಡಿಯುವುದಿಲ್ಲವಲ್ಲ!

ರೊಕ್ಕ ಕೊಡದೆಯೂ ಮಾಡಿದವಳನ್ನು ಮರೆಯದೆ ಇರಲು ಸಾಧ್ಯವಿದೆ ಎಂದು ಬೀದರದ ಊಟದ ದಿನ ಅನಿಸಿತ್ತು. ನನ್ನ ತಟ್ಟೆಗೆ ರೊಟ್ಟಿ ಲಟ್ಟಿಸಿದವರು ಮುಂದಿನ ಸಾಲಿನಲ್ಲಿ ಕುಳಿತು ಅದೇ ಬಿಸಿ ರೊಟ್ಟಿ ಉಂಡರು. ಅವರು ಉಣ್ಣುವಾಗ ಬೇರೆಯವರು ಬಡಿಸಿದರು, ನಮ್ಮ ಇಬ್ಬರು ಹುಡುಗಿಯರೂ ನೀರು ಕೊಟ್ಟರು. ಬೆಂಗಳೂರಿನ ಒಡಿಶಾ ಹುಡುಗ ಯಾವಾಗ ಉಣ್ಣುತ್ತಾನೆ, ಏನು ಉಣ್ಣುತ್ತಾನೆ ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. 756 ರೂಪಾಯಿ ಕೊಟ್ಟ ಮೇಲೆ ಕೇಳಬೇಕು ಎಂದು ಅನಿಸುವುದೂ ಇಲ್ಲ, ನೋಡಿ.

ಬೆಂಗಳೂರಿನಿಂದ ಮರಳಿ ಬಂದ ಮೇಲೆ ನಡೆದದ್ದು ಇಷ್ಟು. ನನಗೀಗ ಮಣಿಕಟ್ಟು ನೋವು, ರೊಟ್ಟಿ ಬಡಿಯಲಾಗುವುದಿಲ್ಲ. ನಮ್ಮ ಓಣಿಯ ಒಬ್ಬಾಕೆ ವಾರಕ್ಕೆ ಎರಡು ದಿನ ಬಂದು ಬಡಿದು ಕೊಡುತ್ತಾಳೆ. ಹಿಟ್ಟು, ಗ್ಯಾಸು ನನ್ನದು, ರೊಟ್ಟಿಗೆ ಮೂರು ರೂಪಾಯಿ ಕೂಲಿ. ಎರಡು ವರ್ಷದಿಂದ ಅದೇ ದರ. ಜನವರಿಯಲ್ಲಿ ಅವಳು ಸಂಕೋಚದಿಂದ, “ಅಕ್ಕೋರ, ಐದು ಮಾಡ್ರಿ” ಎಂದಳು. ನನ್ನ ಬಾಯಿಯಿಂದ ತಾನಾಗಿ ಬಂದ ಮಾತು ಇದು: “ನೀ ಏನ್ ಹೊರಗಿನಾಕಿಯೇನ? ಮನೀ ಮಗಳಿದ್ದಂಗ ಇದ್ದೀ. ನೀನೂ ಹಿಂಗ ಅಂದ್ರ?”

ಅವಳು ತಲೆ ತಗ್ಗಿಸಿದಳು. “ಮನೀ ಮಗಳು ಅಂದಮ್ಯಾಗ ಮತ್ತ ನಾ ಹೆಂಗ ಕೇಳ್ಲೆರಿ” ಎಂದು ಹಿಟ್ಟಿಗೆ ಎಸರು ಸುರಿದಳು.

ನಾನು ಪಡಸಾಲೆಗೆ ಬಂದು ಕುಳಿತೆ. ನಲವತ್ತು ವರ್ಷದ ಹಿಂದೆ ಆ ಸಾಹೇಬರು ಅವ್ವನ ಕಾಲು ಮುಟ್ಟಿ ನಿಂತದ್ದು ಇದೇ ಪಡಸಾಲೆಯಲ್ಲಿ. ಅವರಿಗೆ ಆ ದಿನ ನಿಜವಾಗಿಯೂ ಕಣ್ಣೀರು ಬಂದಿತ್ತು, ಅದನ್ನು ನಾನು ಈಗ ನಂಬುತ್ತೇನೆ. ನನಗೂ ಈ ಹೆಣ್ಣುಮಗಳ ಮೇಲೆ ನಿಜವಾದ ಪ್ರೀತಿಯೇ ಇತ್ತು. ಆ ಪ್ರೀತಿಯಿಂದಲೇ ನಾನು ರೊಟ್ಟಿಗೆ ಎರಡು ರೂಪಾಯಿ ಉಳಿಸಿಕೊಳ್ಳಲು ಹೊರಟಿದ್ದೆ. ಒಳಗಿನಿಂದ ಪಟಪಟ ಸದ್ದು ಬರುತ್ತಿತ್ತು.

ಮುಗಿಸಿ ಕೈ ತೊಳೆದಾಗ ಐದರ ಲೆಕ್ಕದಲ್ಲಿ ನಲವತ್ತು ರೊಟ್ಟಿಗೆ 200 ರೂಪಾಯಿ ಕೊಟ್ಟೆ. “ಹಿಟ್ಟು ನಮ್ಮದು. ಇದಿಷ್ಟೂ ನಿನ್ನ ಕೈದು” ಎಂದೆ. ನಾನೇನೋ ದೊಡ್ಡ ಮಾತು ಆಡಿದೆ ಎಂದುಕೊಂಡಿದ್ದೆ, ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ನೋಟು ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಕೂಡು, ಎರಡು ಬಿಸಿ ರೊಟ್ಟಿ ಉಂಡು ಹೋಗು, ನಾ ಬಡಸ್ತೀನಿ” ಎಂದರೆ ಒಲ್ಲೆನೆಂದಳು. ಇನ್ನೂ ಎರಡು ಮನೆಯ ಕೆಲಸವಿತ್ತು. ಒತ್ತಾಯಕ್ಕೆ ಎರಡನ್ನು ಹಿಂಡಿ ಹಚ್ಚಿ ಅರಿವೆಯಲ್ಲಿ ಸುತ್ತಿಕೊಂಡಳು, ಮಗಳಿಗೆ. ಬಾಗಿಲ ತನಕ ಹೋದವಳು ತಿರುಗಿ ನಿಂತು ಕೇಳಿದಳು:

“ಮುಂದಿನ ವಾರ ಗುರುವಾರದ ಬದಲಿ ಬುಧವಾರ ಬರ್ಲೇನ್ರಿ ಅಕ್ಕೋರ? ಗುರುವಾರ ಹುಡುಗಿ ಸಾಲ್ಯಾಗ ಮೀಟಿಂಗ್ ಐತಿ, ಏನೋ ಫಾರಂ ತುಂಬಬೇಕಂತ.”

ಬಾ ಎಂದೆ.